ಒಂದು ಕಿವಿ ಒಳಗೆ, ಒಂದು ಕಿವಿ ಹೊರಗೆ

ಮುಂಬೈಯಲ್ಲಿ ಬೇಲಿ ಎಲ್ಲಿಂದ ಬರಬೇಕು ಹೇಳಿ. ನಮ್ಮ ಬಾಲ್ಕನಿಯ ಗ್ರಿಲ್ಲಿಗೂ ಪಕ್ಕದ ಮನೆಯ ಗ್ರಿಲ್ಲಿಗೂ ನಡುವೆ ಒಂದು ಗೇಣು ಗೋಡೆ. ಅದೇ ನಮಗೆ ಬೇಲಿ. ಆಚೆ ಕಡೆಯ ಅಕ್ಕ ಉಡುಪಿಯವರು, ಮದುವೆಯಾಗಿ ಮುಲುಂಡಿಗೆ ಬಂದು ಇಪ್ಪತ್ತೈದು ವರ್ಷವಾಯಿತು. ಮೊನ್ನೆ ಬಟ್ಟೆ ಒಣಹಾಕಲು ಬಂದವರು ಕ್ಲಿಪ್ಪು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ಮಾರಾಯ್ರೆ, ನಮ್ಮ ಹುಡುಗನಿಗೆ ಡಿಜೆ ಸೆಟ್ ಬೇಕಂತೆ. ಅದನ್ನೆಲ್ಲ ಇಡ್ಲಿಕ್ಕೆ ಈ ಮನೆಯಲ್ಲಿ ಜಾಗ ಎಲ್ಲುಂಟು? ಕೆಳಗಿನ ಮನೆಯವರು ಪೊಲೀಸರನ್ನು ಕರೆಯುವುದಿಲ್ವಾ?"

ಅವರ ಕಣ್ಣೆದುರು ಬಂದದ್ದು ಏನು ಅಂತ ನನಗೆ ಗೊತ್ತಾಯಿತು. ಗಣಪತಿ ವಿಸರ್ಜನೆಯ ದಿನ ಟೆಂಪೋ ಮೇಲೆ ಗೋಡೆಯ ಹಾಗೆ ಪೇರಿಸಿಟ್ಟ ಸ್ಪೀಕರು, ಹಿಂದೆ ಗುಡುಗುಡು ಅನ್ನುವ ಜನರೇಟರು, ಕಿಟಕಿಯ ಗಾಜು ನಡುಗುವ ಸದ್ದು. ಈ ಊರಿನಲ್ಲಿ ಡಿಜೆ ಅಂದರೆ ಮನುಷ್ಯ ಅಲ್ಲ, ಆ ಟೆಂಪೋನೇ ಡಿಜೆ, ಅಲ್ವಾ? ಪುಣೆ, ಸಾತಾರ, ಕೊಲ್ಹಾಪುರದ ಕಡೆ ಹೋದರೆ ಅದಕ್ಕೆ ಇನ್ನೊಂದು ಹೆಸರು: ಡಾಲ್ಬಿ. "ಡಾಲ್ಬಿ ಲಾವಲಾ" ಅಂದರೆ ಅಷ್ಟೂ ಸ್ಪೀಕರು ಕಟ್ಟಿದರು ಅಂತ. ರೇ ಡಾಲ್ಬಿ ಎಂಬ ಅಮೆರಿಕದ ಎಂಜಿನಿಯರ್ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ಶುರು ಮಾಡಿದ್ದು ಟೇಪಿನ 'ಸ್‌ಸ್‌' ಅನ್ನುವ ಸದ್ದನ್ನು ಅಡಗಿಸಲಿಕ್ಕೆ. ಹಳೆಯ ಕ್ಯಾಸೆಟ್ ಡೆಕ್ಕಿನ ಮೇಲೆ ಡಾಲ್ಬಿ ಎನ್‌ಆರ್ ಅಂತ ಒಂದು ಗುಂಡಿ ಇರುತ್ತಿತ್ತು, ನೆನಪುಂಟಲ್ಲ? ಸದ್ದು ಅಡಗಿಸಲು ಹೊರಟವನ ಹೆಸರು ಕೃಷ್ಣಾ ತೀರದಲ್ಲಿ ಎಲ್ಲಕ್ಕಿಂತ ದೊಡ್ಡ ಸದ್ದಿಗೆ ಬಂದು ಕೂತಿತು. ಹೆಸರುಗಳು ಎಲ್ಲಿಂದ ಹೊರಟು ಎಲ್ಲಿ ಇಳಿಯುತ್ತವೋ!

"ಅಕ್ಕ, ಅವನು ಕೇಳುತ್ತಿರುವುದು ಆ ಟೆಂಪೋ ಅಲ್ಲ," ಅಂದೆ. "ನಿಮ್ಮ ಚಪಾತಿ ಮಣೆ ಎರಡನ್ನು ಪಕ್ಕಪಕ್ಕ ಇಟ್ಟರೆ ಎಷ್ಟಾಗುತ್ತದೋ ಅಷ್ಟೇ ಇರುವುದು. ಕಂಟ್ರೋಲರ್ ಅಂತಾರೆ."

ಚಪಾತಿ ಮಣೆ ಅಂದದ್ದು ಸುಮ್ಮನೆ ಅಲ್ಲ. ಕಂಟ್ರೋಲರಿನ ಎಡಕ್ಕೊಂದು ಬಲಕ್ಕೊಂದು ದುಂಡನೆಯ ತಟ್ಟೆ ಇರುತ್ತದೆ, ಜಾಗ್ ವೀಲ್. ಹಿಂದೆ ಅಲ್ಲಿ ನಿಜವಾದ ರೆಕಾರ್ಡೇ ತಿರುಗುತ್ತಿತ್ತು. ಮತ್ಸುಶಿತಾ ಕಂಪನಿ 1972ರಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಟರ್ನ್‌ಟೇಬಲ್ ತಂದಿತು. ಬೆಲ್ಟ್ ಇಲ್ಲ, ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುತ್ತದೆ. ರೆಕಾರ್ಡನ್ನು ಕೈಯಲ್ಲಿ ಒತ್ತಿ ಹಿಡಿದರೂ ಅಡಿಯ ತಟ್ಟೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ, ಬಿಟ್ಟ ತಕ್ಷಣ ಹಾಡು ಸರಿಯಾದ ವೇಗದಲ್ಲಿ ಹೊರಡುತ್ತದೆ. ಮರುವರ್ಷ, 1973ರ ಆಗಸ್ಟ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಕೂಲ್ ಹರ್ಕ್ ಎಂಬ ಹುಡುಗ ತನ್ನ ತಂಗಿಯ ಪಾರ್ಟಿಗೆ ಎರಡು ಟರ್ನ್‌ಟೇಬಲ್ ಜೋಡಿಸಿಟ್ಟು ಹಾಡು ಹಾಕಿದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಬರೀ ತಾಳ ಇರುವ ತುಂಡನ್ನೇ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಬದಲಿಸುತ್ತಾ ಉದ್ದ ಮಾಡುವ ಉಪಾಯ ಅವನದ್ದು. ತಂಗಿಗೆ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕಿತ್ತಂತೆ, ಅದಕ್ಕಾಗಿ ನಡೆದ ಪಾರ್ಟಿ ಅದು. ಎಲ್ಲ ಕಡೆಯೂ ಮನೆಯ ಲೆಕ್ಕಾಚಾರದಿಂದಲೇ ಶುರು, ಅಲ್ವಾ?

ಅಕ್ಕನಿಗೆ ಹೇಳಬೇಕಾಗಿದ್ದ ಮುಖ್ಯ ಸಂಗತಿ ಮಾತ್ರ ತಟ್ಟೆಯದ್ದಲ್ಲ, ಹೆಡ್‌ಫೋನಿನದ್ದು. ಡಿಜೆ ಆದವನು ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಒತ್ತಿಕೊಂಡು ನಿಂತಿರುವುದನ್ನು ನೋಡಿದ್ದೀರಲ್ಲ? ಒಂದು ಕಿವಿಯಲ್ಲಿ ಜನ ಕೇಳುತ್ತಿರುವ ಹಾಡು. ಇನ್ನೊಂದರಲ್ಲಿ ಮುಂದೆ ಬರಲಿರುವ ಹಾಡು, ಅವನೊಬ್ಬನಿಗೇ. ಅದನ್ನು ಹಿಂದೆಮುಂದೆ ಮಾಡಿ, ವೇಗ ಹೊಂದಿಸಿ, ತಾಳಕ್ಕೆ ತಾಳ ಕೂತಿತು ಅನ್ನಿಸಿದ ಮೇಲೆ ಮೆಲ್ಲಗೆ ಹೊರಗೆ ಬಿಡಬೇಕು. ಇದಕ್ಕೆ ಕ್ಯೂ ಅನ್ನುತ್ತಾರೆ. ಇಡೀ ವಿದ್ಯೆಯ ಬೇರು ಇದೇ.

ಇದನ್ನು ನಾನು ಮೊದಲು ನೋಡಿದ್ದು ಕ್ಲಬ್ಬಿನಲ್ಲಿ ಅಲ್ಲ, ಮಾಟುಂಗಾದ ಉಡುಪಿ ಹೋಟೆಲಿನ ಗಲ್ಲಾದಲ್ಲಿ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದೆ. ಗಲ್ಲಾದಲ್ಲಿ ಕೂತವರು ಎದುರಿಗಿದ್ದ ಗಿರಾಕಿಗೆ ಚಿಲ್ಲರೆ ಎಣಿಸುತ್ತಾ ಊರಿನ ಮಳೆ ವಿಚಾರ ಮಾತಾಡುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಮಾಣಿ ಕೂಗುತ್ತಿದ್ದ, ಹಿಂದೆ ಬರುವ ಕನ್ನಡಕದವರದ್ದು ಇಷ್ಟು, ಜೊತೆಗಿನ ಇಬ್ಬರದ್ದು ಇಷ್ಟು ಅಂತ. ಮಾತೂ ತಪ್ಪುತ್ತಿರಲಿಲ್ಲ, ಲೆಕ್ಕವೂ ತಪ್ಪುತ್ತಿರಲಿಲ್ಲ. ಎದುರಿನವರಿಗೆ ಒಂದು ಕಿವಿ, ಬರುವವರಿಗೆ ಇನ್ನೊಂದು. ಅಕ್ಕನಿಗೆ ಇದನ್ನು ಹೇಳಿದ ಕೂಡಲೇ ಅರ್ಥವಾಯಿತು. ಅವರ ಮಾವನವರೂ ಗಲ್ಲಾದಲ್ಲಿ ಕೂತವರೇ.

ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಗುಂಡಿ, ಎಷ್ಟು ಲೈಟು ಅನ್ನುವುದಲ್ಲ. ಅದರೊಳಗೆ ಸೌಂಡ್ ಕಾರ್ಡ್ ಉಂಟೋ ಇಲ್ಲವೋ? ಹೆಡ್‌ಫೋನಿಗೆ ಒಂದು ಹಾಡು, ಸ್ಪೀಕರಿಗೆ ಬೇರೆ ಹಾಡು, ಎರಡನ್ನೂ ಒಟ್ಟಿಗೆ ಕಳಿಸುತ್ತದೋ ಇಲ್ಲವೋ? ಪಯನೀರ್‌ನವರದ್ದು 2019ರಲ್ಲಿ ಡಿಡಿಜೆ-200 ಅಂತ ಒಂದು ಬಂತು. ಹಗುರ, ಚೆಂದ, ಅಗ್ಗ. ಸೌಂಡ್ ಕಾರ್ಡ್ ಮಾತ್ರ ಇಲ್ಲ. ಅದರ ಜೊತೆಗೇ ಒಂದು ಕವಲೊಡೆದ ತಂತಿ ಕೊಡುತ್ತಾರೆ, ಅದನ್ನು ಫೋನಿಗೆ ಸಿಕ್ಕಿಸಿ ಸದ್ದನ್ನು ಎರಡು ಪಾಲು ಮಾಡಿಕೊಳ್ಳಬೇಕು. ಪಾಲಾದ ಮೇಲೆ ಎರಡೂ ಕಡೆ ಬರುವುದು ಮೊನೋ ಮಾತ್ರ, ಸ್ಟೀರಿಯೋ ಅಲ್ಲ. ನನ್ನ ತಂಗಿಯ ಮಗ ಅದನ್ನೇ ತಂದ. ಆರು ತಿಂಗಳಲ್ಲಿ ಮಾರಿ ದೊಡ್ಡದು ತಂದ, ಎರಡು ಸಲ ದುಡ್ಡು ಹೋಯಿತು. ಕಲಿಯುವ ಹುಮ್ಮಸ್ಸು ನಿಜವಾಗಿಯೂ ಇದ್ದರೆ ಅಲ್ಲಿಂದ ಶುರು ಮಾಡುವುದು ಬೇಡ.

ಅದರ ಮೇಲಿನ ಮೆಟ್ಟಿಲಲ್ಲಿರುವುದು ಡಿಡಿಜೆ-ಎಫ್‌ಎಲ್‌ಎಕ್ಸ್4. ಮುಂಬೈ ಅಂಗಡಿಗಳಲ್ಲಿ 30,000 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಹೊಸ ಹುಡುಗರಲ್ಲಿ ಹೆಚ್ಚಿನವರ ಕೈಯಲ್ಲಿ ನಾನು ನೋಡಿದ್ದು ಇದನ್ನೇ. ಲ್ಯಾಪ್‌ಟಾಪಿನ ಯುಎಸ್‌ಬಿ ತಂತಿಯಿಂದಲೇ ಕರೆಂಟು ಎಳೆದುಕೊಳ್ಳುತ್ತದೆ, ರೆಕಾರ್ಡ್‌ಬಾಕ್ಸ್, ಸೆರಾಟೋ ಲೈಟ್ ಎಂಬ ಎರಡು ತಂತ್ರಾಂಶಗಳ ಜೊತೆಗೂ ಹೊಂದಿಕೊಳ್ಳುತ್ತದೆ. ಇದಕ್ಕೂ ಹಿಂದಿನದ್ದು 2018ರ ಡಿಡಿಜೆ-400, ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕರೆ ಕಣ್ಣುಮುಚ್ಚಿ ಅಲ್ಲ, ಕಣ್ಣು ತೆರೆದುಕೊಂಡೇ ತಗೊಳ್ಳಬಹುದು. ಫ್ರಾನ್ಸಿನ ಹರ್ಕ್ಯುಲಿಸ್‌ನವರ ಇನ್‌ಪಲ್ಸ್ 300ರಲ್ಲಿ ತಾಳ ಮುಂದೆ ಹೋಯಿತೋ ಹಿಂದೆ ಬಿತ್ತೋ ಅಂತ ತೋರಿಸುವ ಪುಟ್ಟ ದೀಪಗಳಿವೆ, ಕಲಿಯುವವರಿಗೆ ಒಳ್ಳೆಯ ಊರುಗೋಲು. ನ್ಯೂಮಾರ್ಕ್ ಮಿಕ್ಸ್‌ಟ್ರ್ಯಾಕ್ ಕೂಡ ಸರಿಯೇ. ಇವುಗಳಲ್ಲಿ ಯಾವುದಾದರೂ ಆದೀತು, ಒಂದನ್ನು ಹಿಡಿದು ವರ್ಷ ಬಿಡದೆ ನುಡಿಸಿದರೆ ಸಾಕು.

ತಂತ್ರಾಂಶಕ್ಕೆ ದುಡ್ಡು ಕೊಡಲೇಬೇಕಾಗಿಲ್ಲ. ಮಿಕ್ಸ್‌ಎಕ್ಸ್ ಅಂತ ಒಂದು ಪೂರ್ತಿ ಉಚಿತ.

ಹೆಡ್‌ಫೋನಿನ ವಿಷಯದಲ್ಲಿ ಅಕ್ಕನ ಹುಡುಗ ಗ್ರಿಲ್ಲಿನ ಹಿಂದಿನಿಂದಲೇ ತಲೆ ಹಾಕಿ ಹೇಳಿದ: "ಅಂಕಲ್, ನನ್ನ ಹತ್ತಿರ ಬ್ಲೂಟೂತ್ ಇದೆ, ಅದು ಸಾಕಲ್ವಾ?" ಸಾಲದು ಮಗಾ. ಬ್ಲೂಟೂತಿನಲ್ಲಿ ಸದ್ದು ಕಿವಿಗೆ ತಲುಪುವುದು ಒಂದು ಚೂರು ತಡವಾಗಿ. ಲೋಕಲ್ ಟ್ರೇನಿನಲ್ಲಿ ಹಾಡು ಕೇಳುವಾಗ ಅದು ಗೊತ್ತೇ ಆಗುವುದಿಲ್ಲ. ಎರಡು ತಾಳ ಕೂಡಿಸುವಾಗ ಮಾತ್ರ ಆ ಚೂರೇ ಎಲ್ಲವನ್ನೂ ಕೆಡಿಸುತ್ತದೆ. ಗೆಜ್ಜೆ ಒಂದು ಕಡೆ, ಮದ್ದಳೆ ಒಂದು ಕಡೆ ಆದ ಹಾಗೆ. ತಂತಿಯದ್ದೇ ಬೇಕು, ಕಿವಿ ಪೂರ್ತಿ ಮುಚ್ಚುವಂಥದ್ದು ಬೇಕು, ಒಂದು ಬಟ್ಟಲು ಹಿಂದಕ್ಕೆ ತಿರುಗುವಂತಿದ್ದರೆ ಇನ್ನೂ ಒಳ್ಳೆಯದು. ಕ್ಲಬ್ಬುಗಳಲ್ಲಿ ಹೆಸರಾದ ಸೆನ್‌ಹೈಸರ್ ಎಚ್‌ಡಿ 25 ಇಂದಿಗೂ ಹಾಗೇ ಇದೆ, ಬಲು ಹಗುರ. ಅದು ಬೇಕಾಗಿಲ್ಲ, ನಾಲ್ಕೈದು ಸಾವಿರದಲ್ಲಿ ಕಲಿಯಲು ಸಾಕಾಗುವಂಥದ್ದು ಸಿಗುತ್ತದೆ.

ಈ 'ಕ್ಯೂ' ಮಾತು ಬಂದಾಗಲೆಲ್ಲ ನನಗೆ ಪೆನ್ಸಿಲ್ ನೆನಪಾಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಮಕ್ಕಳ ಡಾನ್ಸಿನ ಕ್ಯಾಸೆಟ್ ಹಾಕುವ ಕೆಲಸ ನನ್ನದು. ಎರಡು ಡೆಕ್ಕು, ಹದಿನಾಲ್ಕು ಡಾನ್ಸು. ಕ್ಯಾಸೆಟ್ಟಿನ ಶುರುವಿನಲ್ಲಿ ಐದಾರು ಸೆಕೆಂಡು ಖಾಲಿ ಪಟ್ಟಿ ಇರುತ್ತದಲ್ಲ, ಅದು ಕಳೆಯುವ ತನಕ ಮಕ್ಕಳು ವೇದಿಕೆಯ ಮೇಲೆ ಕೈ ಮೇಲೆತ್ತಿಕೊಂಡು ಕಾಯುತ್ತಾ ನಿಲ್ಲಬೇಕು. ಅದಾಗಬಾರದು ಅಂತ ನಾನು ಮೊದಲೇ ಹಲ್ಲಿನ ಚಕ್ರಕ್ಕೆ ಪೆನ್ಸಿಲ್ ತೂರಿಸಿ, ಆರು ಮೂಲೆಯ ಪೆನ್ಸಿಲ್ಲೇ ಆಗಬೇಕು, ದುಂಡಗಿನದು ಜಾರುತ್ತದೆ, ಹಾಡಿನ ಮೊದಲ ಸ್ವರದ ಬಾಗಿಲಿಗೆ ತಂದು ನಿಲ್ಲಿಸಿಡುತ್ತಿದ್ದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಈಗಿನ ಹುಡುಗರು ಕ್ಯೂ ಗುಂಡಿ ಒತ್ತಿ ಒಂದು ಕ್ಷಣದಲ್ಲಿ ಮಾಡುವುದು ಅದನ್ನೇ. ಆ ಸಂಜೆ ಪರದೆ ಸರಿದ ಕೂಡಲೇ ಹಾಡು ಹೊರಟಾಗ ಆಗುತ್ತಿದ್ದ ಖುಷಿ ಇವರಿಗೂ ಆಗುತ್ತದೆ, ನನಗೆ ಗ್ಯಾರಂಟಿ.

"ಮತ್ತೆ ಸ್ಪೀಕರು?" ಅಂತ ಅಕ್ಕ. ಅವರ ಭಯ ಇನ್ನೂ ಹೋಗಿರಲಿಲ್ಲ.

ಸ್ಪೀಕರು ಈಗ ಬೇಡವೇ ಬೇಡ. ನಮ್ಮ ಬಿಲ್ಡಿಂಗಿನ ಗೋಡೆ ಹೇಗೆ ಅಂತ ನಿಮಗೆ ಗೊತ್ತಲ್ಲ, ನಿಮ್ಮ ಮನೆಯ ಒಗ್ಗರಣೆಯ ಸದ್ದು ನಮಗೆ ಕೇಳುತ್ತದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಧ್ವನಿವರ್ಧಕಕ್ಕೆ ನಿಷೇಧ. ಗಣಪತಿ, ನವರಾತ್ರಿ ಅಂತ ಸರ್ಕಾರ ಹನ್ನೆರಡರ ತನಕ ಬಿಡುವುದುಂಟು, ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಹುಡುಗ ಕಾಲೇಜು ಮುಗಿಸಿ, ಸಿಎಸ್‌ಟಿಯಿಂದ ನಿಂತುಕೊಂಡೇ ಬಂದು, ಊಟ ಮಾಡಿ ಕೂರುವಾಗ ಹತ್ತೂವರೆ. ಆಗ ಅವನಿಗಿರುವುದು ಹೆಡ್‌ಫೋನ್ ಒಂದೇ. ಅಂದ ಮೇಲೆ ಬಜೆಟ್ಟಿನ ಅರ್ಧವನ್ನು ಮುಟ್ಟಲಾಗದ ಸ್ಪೀಕರಿಗೆ ಯಾಕೆ ಸುರಿಯಬೇಕು? ಮನೆಯಲ್ಲಿ ಟಿವಿಗೆ ಅಂತ ಒಂದು ಸಣ್ಣ ಸೌಂಡ್ ಸಿಸ್ಟಮ್ ಇದ್ದೇ ಇದೆ, ಭಾನುವಾರ ಮಧ್ಯಾಹ್ನ ತಂತಿ ಹಾಕಿ ಅದರಲ್ಲೇ ಕೇಳಿಸಲಿ.

ಕಿವಿಯ ವಿಷಯ ಮಾತ್ರ ನಾನು ಗಟ್ಟಿಯಾಗಿ ಹೇಳಿದೆ. 85 ಡೆಸಿಬೆಲ್ಲಿನ ಸದ್ದನ್ನು ಎಂಟು ಗಂಟೆ ತಡೆದುಕೊಳ್ಳುವ ಕಿವಿ, ಪ್ರತಿ ಮೂರು ಡೆಸಿಬೆಲ್ ಏರಿದ ಹಾಗೆ ಅರ್ಧರ್ಧ ಹೊತ್ತು ಕಳೆದುಕೊಳ್ಳುತ್ತದೆ. ನೂರಕ್ಕೆ ಬರುವಾಗ ಉಳಿಯುವುದು ಕಾಲು ಗಂಟೆ. ಹೋದ ಕಿವಿ ಮತ್ತೆ ಬರುವುದಿಲ್ಲ, ಅದಕ್ಕೆ ಬಿಡಿಭಾಗ ಲ್ಯಾಮಿಂಗ್ಟನ್ ರೋಡಿನಲ್ಲೂ ಸಿಗುವುದಿಲ್ಲ.

ಲ್ಯಾಮಿಂಗ್ಟನ್ ರೋಡ್ ಅಂದೆನಲ್ಲ, ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ ಅಂತ ಇದೆ. ಟ್ಯಾಕ್ಸಿಯವನಿಗೆ ಹಾಗೆ ಹೇಳಿದರೆ ಒಂದು ಗಳಿಗೆ ಯೋಚಿಸುತ್ತಾನೆ. 1903ರಿಂದ 1907ರ ತನಕ ಗವರ್ನರ್ ಆಗಿದ್ದ ಲ್ಯಾಮಿಂಗ್ಟನ್ ಸಾಹೇಬರ ಹೆಸರೇ ಜನರ ಬಾಯಲ್ಲಿ ಇನ್ನೂ ಉಳಿದಿದೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ತಂತಿ, ಪಿನ್ನು, ಆಂಪ್ಲಿಫೈಯರು, ಸ್ಪೀಕರಿನ ಬರೀ ಕೋನು, ಏನು ಬೇಕು? ಆರ್‌ಸಿಎ ತಂತಿಯನ್ನು ಅಳತೆ ಹೇಳಿದರೆ ಎದುರಿಗೇ ಬೆಸುಗೆ ಹಾಕಿ ಕೊಡುತ್ತಾರೆ, ಆ ರಾಳದ ವಾಸನೆ ನನಗೆ ಬಹಳ ಇಷ್ಟ. ಧೋಬಿ ತಲಾವಿನ ಫುರ್ತಾಡೋಸ್ 1865ರಿಂದ ವಾದ್ಯ ಮಾರುತ್ತಾ ಬಂದ ಅಂಗಡಿ, ಅಂಥಲ್ಲಿ ಮೊದಲು ಮುಟ್ಟಿ ನೋಡಿ. ಕಾಲಾಘೋಡಾದ ರಿದಮ್ ಹೌಸ್ ಇದ್ದಿದ್ದರೆ ಅಲ್ಲಿಗೂ ಹೋಗಿ ಅನ್ನುತ್ತಿದ್ದೆ. ಅಲ್ಲಿ ಕೊಳ್ಳದೆಯೂ ಗಂಟೆಗಟ್ಟಲೆ ಹಾಡು ಕೇಳಬಹುದಿತ್ತು. 2016ರಲ್ಲಿ ಮುಚ್ಚಿತು.

ಸೆಕೆಂಡ್‌ಹ್ಯಾಂಡ್ ನೋಡಲು ಹೋಗುವಾಗ ಜಾರುಪಟ್ಟಿಗಳನ್ನು ಪರೀಕ್ಷೆ ಮಾಡಬೇಕು, ಫೇಡರ್ ಅನ್ನುತ್ತಾರಲ್ಲ, ಅದು. ನಡುವಿನ ಕ್ರಾಸ್‌ಫೇಡರನ್ನು ಪೂರ್ತಿ ಎಡಕ್ಕೆ ಎಳೆದಾಗ ಬಲದ ಹಾಡು ಒಂದು ಚೂರೂ ಕೇಳಬಾರದು. ವೇಗದ ಪಟ್ಟಿಯನ್ನು ಮುಟ್ಟದೆ ಬಿಟ್ಟಾಗ ಪರದೆಯಲ್ಲಿ ಅಂಕಿ ತಾನಾಗಿ ಕುಣಿಯಬಾರದು. ಹೆಡ್‌ಫೋನ್ ಪಿನ್ನನ್ನು ತಿರುವಿದರೆ ಕರಕರ ಅನ್ನಬಾರದು. ನಮ್ಮ ಊರಿನ ಗಾಳಿ ಗೊತ್ತಲ್ಲ, ಸಮುದ್ರದ ಉಪ್ಪು, ಮೇಲಿಂದ ನಾಲ್ಕು ತಿಂಗಳ ಮಳೆ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಬೂಸ್ಟು ಬರುತ್ತದೆ, ಇನ್ನು ಫೇಡರಿನೊಳಗಿನ ತೆಳು ಲೋಹ ಏನಾದೀತು? ನನ್ನ ತಂಗಿಯ ಮಗ ರಾತ್ರಿ ನುಡಿಸಿ ಮುಗಿದ ಮೇಲೆ ಅಜ್ಜನ ಹಳೆಯ ಬೈರಾಸನ್ನು ಮಡಚಿ ಅದರ ಮೇಲೆ ಹೊದೆಸುತ್ತಾನೆ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡನ್ನು ಪಕ್ಕದಲ್ಲಿಡುತ್ತಾನೆ. ನೋಡಿದವರು ಹಾರ್ಮೋನಿಯಂ ಅಂದುಕೊಳ್ಳುತ್ತಾರೆ. ಇನ್ನೊಂದು ವಿಚಿತ್ರ ಹೇಳುತ್ತೇನೆ. ಟಿವಿಯ ಸ್ಪೀಕರಿಗೆ ಜೋಡಿಸಿದಾಗ 'ಗುಂಯ್' ಅಂತ ದುಂಬಿಯ ಹಾಗೆ ಸದ್ದು ಬಂದರೆ ಕಂಟ್ರೋಲರ್ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ದುಂಬಿ ಹಾರಿಹೋದರೆ ತೊಂದರೆ ಅರ್ಥಿಂಗಿನದ್ದು, ಅಷ್ಟೇ.

ಅಷ್ಟರಲ್ಲಿ ಅಕ್ಕ ಒಂದು ಮಾತು ಕೇಳಿದರು, ಮನಸ್ಸಿನಲ್ಲಿ ಇದ್ದದ್ದು ಅದೇ ಅಂತ ಕಾಣುತ್ತದೆ: "ಇದೆಲ್ಲ ನಮ್ಮವರಿಗೆ ಆಗಿಬರುವಂಥದ್ದಾ?"

ಆಗಿಬಂದಿದೆ ಅಕ್ಕ. ಬಿದ್ದು ಅಪ್ಪಯ್ಯನವರ ಹೆಸರು ಕೇಳಿದ್ದೀರಲ್ಲ? 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಟ್ರೋಜನ್ಸ್ ಅಂತ ತಂಡ ಕಟ್ಟಿಕೊಂಡು ಹಾಡುತ್ತಿದ್ದವರು ಲಂಡನ್ನಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಸ್ ಎಂಬವರಿಂದ ಕುಂಗ್ ಫು ಫೈಟಿಂಗ್ ಹಾಡಿಸಿದರು. ರೆಕಾರ್ಡಿನ ಹಿಂಬದಿಗೆ ಅಂತ ಸ್ಟುಡಿಯೋದ ಕೊನೆಯ ಹತ್ತು ನಿಮಿಷದಲ್ಲಿ ಮುಗಿಸಿದ ಹಾಡು ಅದು. ಇಂಗ್ಲೆಂಡ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಏರಿತು. ಆಮೇಲೆ 1980ರ ಕುರ್ಬಾನಿಯಲ್ಲಿ ನಾಜಿಯಾ ಹಸನ್ ಎಂಬ ಶಾಲೆಯ ಹುಡುಗಿಯಿಂದ ಆಪ್ ಜೈಸಾ ಕೋಯಿ ಹಾಡಿಸಿ, ಬೊಂಬಾಯಿಯನ್ನೇ ಡಿಸ್ಕೋಗೆ ಕುಣಿಸಿದ್ದೂ ಅವರೇ. ಕೊಡಗಿನ ವಾಲಗ ಕೇಳಿದ್ದೀರಾ? ಅದನ್ನು ಕೇಳಿದರೆ ಕೂತ ಕಾಲು ತಾನೇ ಏಳುತ್ತದೆ. ಅಂಥ ನೆಲದ ಮನೆತನದವರಿಗೆ ಡಿಸ್ಕೋ ಒಲಿದರೆ ಆಶ್ಚರ್ಯವೇನು, ಅಲ್ವಾ?

ಹುಡುಗನಿಗೆ ಮಾತ್ರ ಒಂದು ಎಚ್ಚರಿಕೆ ಹೇಳಿದೆ. ಈಗಿನ ಕಂಟ್ರೋಲರಿನಲ್ಲಿ ಸಿಂಕ್ ಅಂತ ಗುಂಡಿ ಉಂಟು, ಒತ್ತಿದರೆ ಎರಡು ಹಾಡಿನ ವೇಗ ತಾನೇ ಒಂದಾಗುತ್ತದೆ. ಹೊಸ ಹಾಡುಗಳಿಗೆ ಸರಿ, ಅವು ಕಂಪ್ಯೂಟರಿನ ಗಡಿಯಾರಕ್ಕೆ ಕಟ್ಟಿದ ಹಾಡುಗಳು. ನಮ್ಮ ಹಳೆಯ ಹಾಡುಗಳು ಹಾಗಲ್ಲ. ಮಹಾಲಕ್ಷ್ಮಿಯ ಫೇಮಸ್ ಸ್ಟುಡಿಯೋದಲ್ಲೋ ತಾರದೇವದ ಫಿಲ್ಮ್ ಸೆಂಟರಿನಲ್ಲೋ ವಾದ್ಯದವರೆಲ್ಲ ಒಟ್ಟಿಗೆ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸಿದ್ದು. ಚರಣದಲ್ಲಿ ಒಂದು ಎಳೆ ನಿಧಾನ, ಪಲ್ಲವಿಗೆ ಬರುವಾಗ ಒಂದು ಎಳೆ ಚುರುಕು. ಕೇಳುವ ನಮಗೆ ಅದು ಉಸಿರಾಟದ ಹಾಗೆ. ಯಂತ್ರ ಮಾತ್ರ ದಾರಿ ತಪ್ಪುತ್ತದೆ. ಸಿಂಕ್ ಒತ್ತಿ ಬಿಟ್ಟರೆ ಹದಿನಾರು ಮಾತ್ರೆ ಕಳೆಯುವಷ್ಟರಲ್ಲಿ ಎರಡು ಹಾಡು ಎರಡು ದಾರಿ ಹಿಡಿದಿರುತ್ತವೆ. ಅಲ್ಲಿ ಕೈ ಬೇಕು. ತಟ್ಟೆಯ ಅಂಚನ್ನು ಬೆರಳಿನಿಂದ ಸ್ವಲ್ಪ ನೂಕಬೇಕು, ಸ್ವಲ್ಪ ತಡೆಯಬೇಕು, ಭಾಗವತರು ಜಾಗಟೆಯಲ್ಲಿ ವೇಷಧಾರಿಯ ಹೆಜ್ಜೆಯನ್ನು ತಂದುಕೊಂಡ ಹಾಗೆ. ಈಗ ನಮ್ಮವರ ಮದುವೆಗಳಲ್ಲಿ ಮೆಹಂದಿಯ ರಾತ್ರಿ ಡಿಜೆ ಇಲ್ಲದೆ ಆಗುವುದೇ ಇಲ್ಲ, ಊರಿನಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಅಲ್ಲಿ ಅಜ್ಜಿಯೊಬ್ಬರು ಹಳೆಯ ಹಾಡು ಕೇಳಿದಾಗ ಅದನ್ನು ತಾಳ ತಪ್ಪದೆ ಹೊಸ ಹಾಡಿಗೆ ಕೂಡಿಸಿಕೊಟ್ಟರೆ ಅಜ್ಜಿಯೂ ಕುಣಿಯುತ್ತಾರೆ, ಮೊಮ್ಮಕ್ಕಳೂ ಕುಣಿಯುತ್ತಾರೆ. ಮೊದಲ ಸಂಪಾದನೆ ಅವನಿಗೆ ಬರುವುದೂ ಅಲ್ಲಿಂದಲೇ. ಹಾಗೆ ನಾಲ್ಕು ಮೆಹಂದಿ ಆದ ಮೇಲೆ ದೊಡ್ಡ ಯಂತ್ರದ ಯೋಚನೆ ಮಾಡಲಿ. ಕ್ಲಬ್ಬಿನಲ್ಲಿರುವ ಸಿಡಿಜೆ-3000 ಒಂದಕ್ಕೇ ಎರಡು ಲಕ್ಷದ ಮೇಲಾಗುತ್ತದೆ, ಅದನ್ನು ಈಗಲೇ ಕನಸಿನಲ್ಲೂ ಮನೆಗೆ ತರಬೇಕಾಗಿಲ್ಲ.

ಅಕ್ಕ ಕೊನೆಯ ಕ್ಲಿಪ್ಪು ಹಾಕಿ, "ಹಾಗಾದರೆ ಒಟ್ಟು ಎಷ್ಟಾಯಿತು?" ಅಂದರು. ಕಂಟ್ರೋಲರಿಗೆ 30,000, ಹೆಡ್‌ಫೋನಿಗೆ 5,000, ಒಂದು ಆರ್‌ಸಿಎ ತಂತಿ. ಲ್ಯಾಪ್‌ಟಾಪ್ ಮನೆಯಲ್ಲಿದೆ, ಸ್ಪೀಕರ್ ಬೇಡ. ಶನಿವಾರವೇ ಹೋಗಿ ಬನ್ನಿ, ಭಾನುವಾರ ಲ್ಯಾಮಿಂಗ್ಟನ್ ರೋಡಿನಲ್ಲಿ ಹೆಚ್ಚಿನ ಅಂಗಡಿಗಳಿಗೆ ಬಾಗಿಲು.